ಜಿಗ್‌ಸಾ ತಲೆಕೆಳಗಾದ ದಿನ

ಎರಡನೇ ಮೂಲೆ ಮುಗಿಯುವ ಹೊತ್ತಿಗೆ ನನ್ನ ಬಲಗೈ ಸೋತು ಹೋಗಿತ್ತು. ಕೆಲಸ ಅಂಥಾ ದೊಡ್ಡದೇನಲ್ಲ. ಒಂದು ರೂಮು, ನಾಲ್ಕು ಗೋಡೆ, ಗೋಡೆಯ ಬುಡಕ್ಕೆ ಮರದ ಸ್ಕರ್ಟಿಂಗ್ ಪಟ್ಟಿ. ಬೆಳಿಗ್ಗೆ ಶುರು ಮಾಡಿದರೆ ಸಂಜೆಗೆ ಆಯಿತು ಅಂದುಕೊಂಡಿದ್ದೆ. ಆದರೆ ಆ ಪಟ್ಟಿಯ ಮೇಲಂಚಿನಲ್ಲಿ ಒಂದು ಉಬ್ಬು, ಅದರ ಕೆಳಗೆ ಒಂದು ತಗ್ಗು, ಅದರ ಕೆಳಗೆ ಸಣ್ಣ ಮೆಟ್ಟಿಲಿನಂಥ ಗೀರು. ನೋಡೋಕೆ ಚೆಂದ. ಮೂಲೆಯಲ್ಲಿ ಕೂಡಿಸಲು ಹೋದಾಗಲೇ ಅದರ ನಿಜವಾದ ಬಣ್ಣ ಗೊತ್ತಾಗುವುದು.

ಹಿಂದೊಮ್ಮೆ ಬೇರೆ ರೂಮಿಗೆ ಹಾಕುವಾಗ ಎರಡೂ ಪಟ್ಟಿಯ ತುದಿಯನ್ನು 45 ಡಿಗ್ರಿಗೆ ಓರೆ ಕತ್ತರಿಸಿ ಸೇರಿಸಿದ್ದೆ. 45ಕ್ಕೆ 45 ಸೇರಿದರೆ 90, ಲೆಕ್ಕ ಸರಿ. ಗೋಡೆಗೂ ಆ ಲೆಕ್ಕ ಗೊತ್ತಿರಬೇಕಲ್ವಾ? ಮೂಲೆ 91ಕ್ಕೋ 92ಕ್ಕೋ ಹೋಗಿತ್ತು. ಮೊಳೆ ಹೊಡೆಯುತ್ತಿದ್ದ ಹಾಗೆ ಪಟ್ಟಿ ಗೋಡೆಯ ಕಡೆ ಎಳೆದುಕೊಂಡು ಸಂದು ಬಾಯಿ ಬಿಟ್ಟಿತು. ಪುಟ್ಟಿ ತುಂಬಿ ಬಣ್ಣ ಹೊಡೆದೆ. ಮರ ಒಣಗಿ ಕುಗ್ಗಿದ ಮೇಲೆ ಅದೂ ಬಿರುಕು ಬಿಟ್ಟಿತು.

ಹಾಗಾಗಿ ಈ ಸಲ ಕೋಪಿಂಗ್. ಒಂದು ಪಟ್ಟಿಯನ್ನು ನೇರ ಕತ್ತರಿಸಿ ಗೋಡೆಗೆ ತಾಗುವ ತನಕ ತಳ್ಳುವುದು, ಇನ್ನೊಂದರ ತುದಿಯನ್ನು ಮೊದಲನೆಯದರ ಮೈಯ ಆಕಾರಕ್ಕೇ ಕೊರೆದು ಅದಕ್ಕೆ ಆನಿಸಿ ಕೂರಿಸುವುದು. ಆಕಾರ ಸಿಗಲು ಮೊದಲು 45ಕ್ಕೆ ಓರೆ ಕತ್ತರಿಸಬೇಕು. ಆ ಓರೆ ಪಟ್ಟಿಯ ಮುಂಭಾಗಕ್ಕೆ ಬಂದು ಸೇರುವ ಅಂಚೇ ನಮ್ಮ ಗೆರೆ. ಪೆನ್ಸಿಲ್ ಮಲಗಿಸಿ ಉಜ್ಜಿದರೆ ಎದ್ದು ಕಾಣುತ್ತದೆ. ಆ ಗೆರೆ ಹಿಡಿದು, ಬೆನ್ನಿನ ಕಡೆ ಮರ ಜಾಸ್ತಿ ಹೋಗುವ ಹಾಗೆ ಗರಗಸ ವಾಲಿಸಿ ಕೊರೆದರೆ, ಮುಂದಿನ ತೆಳು ಅಂಚು ಮಾತ್ರ ತಾಗುತ್ತದೆ, ಗೋಡೆ ಸ್ವಲ್ಪ ಸೊಟ್ಟಗಿದ್ದರೂ ಸಂದು ಕಾಣುವುದಿಲ್ಲ.

ಕೈ ಗರಗಸದಲ್ಲಿ ಎರಡು ಮೂಲೆ ಮಾಡಿದೆ. ಮರ ಗಟ್ಟಿ, ಬ್ಲೇಡ್ ಎರಡು ಸಲ ತುಂಡಾಯಿತು. ಉಳಿದದ್ದು ಒಂದೇ ಪಟ್ಟಿ, ಮೂರು ಮೀಟರಿನದು. ಆದರೆ ಕೊನೆಯ ಪಟ್ಟಿ ನೋಡಿ, ಅದಕ್ಕೆ ಎರಡೂ ತುದಿಯಲ್ಲಿ ಕೋಪ್ ಆಗಬೇಕು. ಒಂದು ಕಡೆ ತಪ್ಪಿದರೆ ಇಡೀ ಪಟ್ಟಿ ದಂಡ. ಮಷೀನೇ ಬೇಕು ಅನ್ನಿಸಿ, ಪಟ್ಟಿಯನ್ನೂ ಒಂದಿಷ್ಟು ತುಂಡುಗಳನ್ನೂ ಹೊತ್ತು ಬಡಗಿ ಗೆಳೆಯನ ಶೆಡ್ಡಿಗೆ ಹೋದೆ.

ಮೊದಲು ಕೂತಿದ್ದು ಸ್ಕ್ರೋಲ್ ಸಾ ಮುಂದೆ, ಅಂದರೆ ಮೇಜಿನ ಮೇಲೆ ಕೂರಿಸಿದ ಸಪೂರ ಬ್ಲೇಡಿನ ಮಷೀನ್ ಗರಗಸ. ಗೇಣುದ್ದದ ತುಂಡಿಟ್ಟು ನೋಡಿದೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೋಯಿತು. ‘ಇದನ್ನೇ ತಗೋತೀನಿ’ ಅಂದುಬಿಟ್ಟೆ. ಗೆಳೆಯ ನಕ್ಕು, ‘ಆ ಉದ್ದದ ಪಟ್ಟಿ ಇಟ್ಟು ನೋಡು’ ಅಂದ. ಇಟ್ಟೆ. ಸ್ಕ್ರೋಲ್ ಸಾದಲ್ಲಿ ಬ್ಲೇಡ್ ಇದ್ದಲ್ಲೇ ಇರುತ್ತದೆ, ಮರ ತಿರುಗಬೇಕು. ಇಲ್ಲಿ ಒಂದು ಸಣ್ಣ ಉಬ್ಬಿಗೆ ತಿರುಗಿಸಿದರೆ ಅಲ್ಲಿ ಇನ್ನೊಂದು ತುದಿ ಶೆಡ್ಡಿನಲ್ಲಿ ಅರ್ಧ ಸುತ್ತು ಹೊಡೆದು, ಬಾಗಿಲಿಗೆ ತಾಗಿ, ಮೊಳೆ ಡಬ್ಬಿ ಕೆಡವಿತು. ಬೆಲ್ಟಿನಂಥ ಬ್ಲೇಡ್ ಸುತ್ತುವ ಬ್ಯಾಂಡ್ ಸಾದ್ದೂ ಅದೇ ಕಥೆ. ತುಂಡು ಮರ ಇಟ್ಟು ಮಷೀನ್ ಆಯ್ಕೆ ಮಾಡಿದ್ದರೆ ನಾನು ಮೋಸ ಹೋಗುತ್ತಿದ್ದೆ.

ಆಮೇಲೆ ಆಂಗಲ್ ಗ್ರೈಂಡರ್‌ಗೆ ಫ್ಲಾಪ್ ಡಿಸ್ಕ್ (ಉಜ್ಜುಕಾಗದದಂಥ ಎಸಳು ಜೋಡಿಸಿದ ತಟ್ಟೆ) ಹಾಕಿ ಹಿಂದಿನಿಂದ ಉಜ್ಜಿದೆವು. ದೊಡ್ಡ ಬಾಗು ಚೆನ್ನಾಗಿಯೇ ಬಂತು, ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಪಟ್ಟಿಯಾದರೆ ನಾನೂ ಇದನ್ನೇ ಹಿಡಿಯುತ್ತಿದ್ದೆನೇನೋ. ಆದರೆ ನನ್ನ ಪಟ್ಟಿಯ ಮೆಟ್ಟಿಲಿನ ಗೀರಿಗೆ ಡಿಸ್ಕಿನ ಅಂಚು ಇಳಿಯಲೇ ಇಲ್ಲ. ಧೂಳಂತೂ ಕೇಳಬೇಡಿ, ಮಾಸ್ಕ್ ಇಲ್ಲದೆ ಅದರ ಹತ್ತಿರ ಹೋಗಬಾರದು.

ಉಳಿದದ್ದು ಜಿಗ್‌ಸಾ, ಕೈಯಲ್ಲಿ ಹಿಡಿದು ಓಡಿಸುವ, ಬ್ಲೇಡ್ ಮೇಲೆ ಕೆಳಗೆ ಆಡುವ ಕರೆಂಟಿನ ಗರಗಸ. ಪಟ್ಟಿಯ ಮುಖ ಮೇಲೆ ಮಾಡಿ, ಅದರ ಮೇಲೆ ಜಿಗ್‌ಸಾ ಇಟ್ಟು ಕೊರೆದೆ. ಗೆರೆ ಅರ್ಧ ಅದರ ಬೇಸಿನ, ಅಂದರೆ ಅಡಿಯ ಚಪ್ಪಟೆ ತಟ್ಟೆಯ, ಕೆಳಗೆ ಮುಚ್ಚಿಹೋಯಿತು. ಸಾಲದ್ದಕ್ಕೆ ಜಿಗ್‌ಸಾದ ಸಾಮಾನ್ಯ ಬ್ಲೇಡಿನ ಹಲ್ಲು ಮೇಲ್ಮುಖ, ಮೇಲೆ ಹೋಗುವಾಗ ಕಡಿಯುತ್ತದೆ, ಹಾಗಾಗಿ ಮುಖದ ಅಂಚೆಲ್ಲ ಸಿಬಿರು ಎದ್ದಿತು. ಗೆಳೆಯ ಮಷೀನ್ ಕಸಿದುಕೊಂಡು ತಲೆಕೆಳಗೆ ಹಿಡಿದ. ಬೇಸು ಪಟ್ಟಿಯ ಬೆನ್ನಿಗೆ, ಬ್ಲೇಡ್ ಕೆಳಗಿನಿಂದ ಮೇಲಕ್ಕೆ. ಈಗ ಗೆರೆ ಪೂರ್ತಿ ಕಣ್ಣೆದುರಿಗೆ. ಹಲ್ಲು ಬೆನ್ನಿನ ಕಡೆ ಎಳೆಯುತ್ತದೆ, ಸಿಬಿರು ಎದ್ದರೂ ಅಲ್ಲೇ, ಯಾರು ನೋಡುತ್ತಾರೆ?

ಆದರೂ ಚಪ್ಪಟೆ ಬೇಸು ಬೇಕಾದ ಹಾಗೆ ವಾಲಲು ಬಿಡುವುದಿಲ್ಲ. ಅವನ ಜಿಗ್‌ಸಾಗೆ ಕಾಲಿನ್ಸ್ ಕೋಪಿಂಗ್ ಫೂಟ್ ಇತ್ತು. ಬೇಸಿನ ಜಾಗಕ್ಕೆ ಹಾಕುವ ಗುಂಡಗಿನ ಪಾದ ಅದು, ಪಟ್ಟಿಯ ಬೆನ್ನಿಗೆ ತಾಗಿಕೊಂಡೇ ಯಾವ ಕಡೆಗೆ ಬೇಕಾದರೂ ಹೊರಳುತ್ತದೆ. ಇನ್ನೊಂದು ವಿಷಯ ಕೈಗೆ ಹಿಡಿದ ಮೇಲೇ ತಿಳಿದದ್ದು. ಮೇಲೆ ಹಿಡಿಕೆ ಇರುವ ಜಿಗ್‌ಸಾ ತಿರುವಿ ಹಾಕಿದರೆ ಟ್ರಿಗರ್ ಬೆರಳಿಗೆ ಸರಿಯಾಗಿ ಸಿಗುವುದಿಲ್ಲ, ಮಣಿಕಟ್ಟು ಸೊಟ್ಟಗಾಗುತ್ತದೆ. ಮೋಟಾರಿನ ಮೈಯನ್ನೇ ಮುಷ್ಟಿಯಲ್ಲಿ ಹಿಡಿಯುವ ಬ್ಯಾರೆಲ್ ಗ್ರಿಪ್ ಆದರೆ ಆರಾಮ. ನಾನು ಆಮೇಲೆ ಕೊಂಡದ್ದು ಅಂಥದ್ದನ್ನೇ. ಬ್ಲೇಡ್ ಮಾತ್ರ ಸಪೂರದ್ದು, ಇಂಚಿಗೆ 20 ಹಲ್ಲಿನದು, ಬ್ಲೇಡನ್ನು ಹಿಂದೆ ಮುಂದೆಯೂ ತೂಗಿಸುವ ಆರ್ಬಿಟಲ್ ಸ್ವಿಚ್ ಸೊನ್ನೆಗೆ. ಬ್ಲೇಡ್ ಮೇಲೆ ಬಯಲಲ್ಲಿ ಕುಣಿಯುತ್ತಿರುತ್ತದೆ, ಅದಕ್ಕೆ ಪಟ್ಟಿಯನ್ನು ಬೆಂಚಿಗೆ ಕ್ಲಾಂಪ್ ಮಾಡಿ ಎಡಗೈಯನ್ನು ದೂರವೇ ಇಟ್ಟೆ. ಕನ್ನಡಕ ಮರೆತಿದ್ದೆ, ಬೈಸಿಕೊಂಡು ಹಾಕಿಕೊಂಡೆ.

ತುಂಡಿನ ಮೇಲೆ ನಾಲ್ಕು ಸಲ ಅಭ್ಯಾಸ ಮಾಡಿ, ಐದನೇ ಸಲ ಅಸಲಿ ಪಟ್ಟಿ. ಬ್ಲೇಡನ್ನು ಗೆರೆಗೆ ತಾಗಿಸದೆ ಕೂದಲೆಳೆಯಷ್ಟು ಆಚೆಯೇ ಓಡಿಸಿ, ಉಳಿದದ್ದನ್ನು ಸಣ್ಣ ಅರದಿಂದ ಉಜ್ಜಿದೆ. ಬೆಳಿಗ್ಗೆ ಒಂದು ಮೂಲೆಗೆ ಒಂದು ಗಂಟೆ ಹಿಡಿದಿತ್ತು, ಇಲ್ಲಿ ಒಂದೊಂದು ತುದಿಗೆ ಹತ್ತು ನಿಮಿಷ. ಉದ್ದದಲ್ಲಿ ಒಂದು ಮಿಲಿಮೀಟರ್ ಜಾಸ್ತಿ ಬಿಟ್ಟಿದ್ದೆ. ಮನೆಗೆ ತಂದು ಮಧ್ಯಕ್ಕೆ ಬಿಲ್ಲಿನ ಹಾಗೆ ಬಗ್ಗಿಸಿ, ಎರಡೂ ತುದಿ ಕೂರಿಸಿ, ಗೋಡೆಗೆ ಒತ್ತಿದೆ. ಟಪ್ ಅಂತ ಕೂತಿತು. ಜೊತೆಗೆ ಒಂದು ತುದಿಯ ಮೇಲಿನ ತೆಳು ಮೂತಿಯೂ ಟಪ್ ಅಂತ ಮುರಿಯಿತು.

ಅಂಟು ಹಚ್ಚಿ ಕೂರಿಸಿದ್ದೇನೆ. ಪುಣ್ಯಕ್ಕೆ ಅದು ಬಾಗಿಲ ಹಿಂದಿನ ಮೂಲೆ.