ರೋಡ್‌ಕಿಂಗ್ ಕೆಲಸ, ಭಾಗ 3: ಡಿಸ್ಕ್ ಬೇಡ, ಡ್ರಮ್ಮೇ ಸಾಕು

ಗಾಡಿ 1984ರ ಯೆಜ್ಡಿ ರೋಡ್‌ಕಿಂಗ್ ಬೈಕ್. ಮೈಸೂರಿನಲ್ಲಿ ಹುಟ್ಟಿದ್ದು, ಬಸವನಗುಡಿಯಲ್ಲಿ ಸೋದರಮಾವ ಓಡಿಸಿದ್ದು, ಈಗ ನನ್ನ ತಲೆನೋವು. ಎಂಜಿನ್ ಕೆಲಸ ಮುಗಿದಿದೆ. ಚೆನ್ನಾಗಿ ಓಡುತ್ತದೆ, ಆದರೆ ನಿಲ್ಲುವುದಿಲ್ಲ! ಟೂ ಸ್ಟ್ರೋಕ್ ಅಲ್ವಾ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಅಷ್ಟಾಗಿ ಹಿಡಿಯುವುದಿಲ್ಲ. ಎಲ್ಲ ಭಾರವೂ ಬ್ರೇಕ್ ಮೇಲೆಯೇ.

ಈಗಿರುವುದು ಡ್ರಮ್ ಬ್ರೇಕ್. ಗೆಳೆಯರೆಲ್ಲ ಅದನ್ನು ತೆಗೆದು ಡಿಸ್ಕ್ ಬ್ರೇಕ್ ಹಾಕಿಸು ಅಂದರು. ಅದಕ್ಕೆ ಚಕ್ರದ ನಡುವಿನ ಹಬ್ ಬೇರೆ ಬೇಕು, ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಕೂರಿಸಲು ಫೋರ್ಕ್‌ಗೆ (ಮುಂಚಕ್ರ ಹಿಡಿದಿರುವ ಎರಡು ಕಾಲು) ವೆಲ್ಡಿಂಗ್ ಬೇಕು. ಹಳೆಯ ತೆಳು ಫೋರ್ಕ್ ಒಂದೇ ಕಡೆಯಿಂದ ಎಳೆತ ತಡೆಯುತ್ತದೆ ಅನ್ನುವ ಧೈರ್ಯ ನನಗೆ ಬರಲಿಲ್ಲ. ಹಾಗಾಗಿ ಇದ್ದ ಡ್ರಮ್ಮನ್ನೇ ಸರಿಮಾಡಲು ಕೂತೆ.

ಮುಂದಿನ ಚಕ್ರ ಬಿಚ್ಚಿದರೆ ಲೈನರ್ (ಡ್ರಮ್ಮಿನ ಒಳಮೈಗೆ ಉಜ್ಜಿ ಚಕ್ರ ನಿಲ್ಲಿಸುವ ಪದರ) ಗಾಜಿನ ಹಾಗೆ ಹೊಳೆಯುತ್ತಿತ್ತು. ಹಿಂದೊಮ್ಮೆ ಯಾರೋ ಹೊಸ ಶೂ, ಅಂದರೆ ಲೈನರ್ ಅಂಟಿಸಿದ ಕಮಾನಿನಂಥ ತುಂಡು, ಸುಮ್ನೆ ತುರುಕಿ ಕಳಿಸಿದ್ದಾರೆ. ಮಧ್ಯದಲ್ಲಿ ಮಾತ್ರ ಸವೆದಿದೆ, ಎರಡು ತುದಿ ಡ್ರಮ್ಮನ್ನು ಮುಟ್ಟೇ ಇಲ್ಲ. ಹಳೇ ಲೈನರ್‌ನಲ್ಲಿ ಆಸ್ಬೆಸ್ಟಸ್ ಇರಬಹುದು, ಹಾಗಾಗಿ ಗಾಳಿ ಹೊಡೆಯದೆ ಮಾಸ್ಕ್ ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿದೆ.

ಡ್ರಮ್ ಕೂಡ ದುಂಡಗಿರದೆ ಕೋಳಿಮೊಟ್ಟೆ ಆಗಿತ್ತು. ಲಿವರ್ ಕೈಯಲ್ಲಿ ಮಿಡಿಯುತ್ತಿದ್ದದ್ದು ಅದಕ್ಕೇ. ಜೆ.ಸಿ. ರಸ್ತೆ ಹತ್ತಿರ ಲೇತ್‌ಗೆ ಕೊಟ್ಟು ತೆಳ್ಳಗೆ ಸವರಿಸಿ, ಅದಕ್ಕೆ ತಕ್ಕಂತೆ ದಪ್ಪ ಲೈನರ್ ಹಾಕಿಸಿದೆ. ಆಮೇಲೆ ಡ್ರಮ್ ಒಳಗೆ ಉಪ್ಪುಕಾಗದ ಅಂಟಿಸಿ, ಬ್ರೇಕ್ ಮೆಲ್ಲಗೆ ಹಿಡಿದು ಚಕ್ರ ತಿರುಗಿಸಿದೆ. ಬಿಚ್ಚು, ನೋಡು, ಮತ್ತೆ ಜೋಡಿಸು. ಇಡೀ ಭಾನುವಾರ ಇದಕ್ಕೇ ಹೋಯಿತು. ಕೊನೆಗೆ ಶೂ ತುದಿಯಿಂದ ತುದಿಗೆ ಉಜ್ಜಿದ ಗುರುತು ಬಂತು. ಲೈನರ್ ದಪ್ಪವಾದದ್ದರಿಂದ ಕ್ಯಾಮ್ ತೋಳೂ (ಕೇಬಲ್ ಎಳೆದಾಗ ತಿರುಗಿ ಶೂ ಅಗಲಿಸುವ ಸಣ್ಣ ಕೈ) ಜಾಗಕ್ಕೆ ಬಂದಿದೆ: ಬ್ರೇಕ್ ಕಚ್ಚುವಾಗ ಕೇಬಲ್‌ಗೂ ತೋಳಿಗೂ ನಡುವೆ ಸರಿಯಾಗಿ 90 ಡಿಗ್ರಿ. ಮೊದಲು ತೋಳು ಆ ಕೋನ ದಾಟಿ ಹೋಗಿ ಒಂದಷ್ಟು ಬಲ ವ್ಯರ್ಥವಾಗುತ್ತಿತ್ತು. ಚಕ್ರ ಹಾಕುವಾಗ ಲಿವರ್ ಗಟ್ಟಿಯಾಗಿ ಹಿಡಿದುಕೊಂಡೇ ಆಕ್ಸಲ್ ನಟ್ ಬಿಗಿಮಾಡಿ. ಶೂ ಡ್ರಮ್ಮಿನ ನಡುವೆ ತಾನೇ ಕೂರುತ್ತದೆ.

ಫೋರ್ಕ್ ವಿಷಯದಲ್ಲಿ ಪೆದ್ದನಾದೆ. ಹೊಸ ಆಯಿಲ್ ಸೀಲ್ ಹಾಕಿದೆ, ಮೂರೇ ದಿನಕ್ಕೆ ಸೋರಿತು. ಪೈಪಿನ ಮೇಲೆ ತುಕ್ಕಿನ ಸಣ್ಣ ಗುಳಿಗಳಿದ್ದವು, ಅವೇ ಸೀಲ್ ಹರಿದವು. ಪೀಣ್ಯದಲ್ಲಿ ಹಾರ್ಡ್ ಕ್ರೋಮ್ ಮಾಡಿಸಿ, ಎರಡೂ ಕಾಲಿಗೆ ಅಳೆದು ಸಮನಾಗಿ ಎಣ್ಣೆ ಹಾಕಿದೆ. ಹಿಂದಿನ ಶಾಕ್ ಎರಡೂ ಸತ್ತಿದ್ದವು, ಸೀಟು ಒತ್ತಿಬಿಟ್ಟರೆ ನಾಲ್ಕು ಸಲ ಕುಣಿಯುತ್ತಿತ್ತು. ಅದೇ ಉದ್ದದ ಹೊಸ ಜೋಡಿ ಹಾಕಿದೆ. ಉದ್ದ ಜಾಸ್ತಿ ಆದರೆ ಗಾಡಿಯ ನಿಲುವೇ ಬದಲಾಗುತ್ತದೆ.

ಬುಲ್ ಟೆಂಪಲ್ ರಸ್ತೆಯ ಇಳಿಜಾರಿನಲ್ಲಿ ಎರಡು ಸುತ್ತು ಹೊಡೆದೆ. ಹಂಪ್ ಹತ್ತಿಳಿದ ಮೇಲೆ ಒಂದೇ ಸಲ ಅದುಮಿ ಸುಮ್ಮನಾಗುತ್ತದೆ. ಸಂಜೆ ಮಾವ ಬಂದು ಓಡಿಸಿದರು. ಹಳೇ ಅಭ್ಯಾಸದಲ್ಲಿ ದೂರದಿಂದಲೇ ನಾಲ್ಕೂ ಬೆರಳಲ್ಲಿ ಲಿವರ್ ಹಿಡಿದರು. ಗಾಡಿ ಗೇಟಿಗಿಂತ ಹತ್ತು ಅಡಿ ಮೊದಲೇ ನಿಂತುಬಿಟ್ಟಿತು. "ಲೋ, ಏನ್ ಮಾಡಿದ್ಯೋ ಇದಕ್ಕೆ?" ಅಂದರು.

ಹಿಂದಿನ ಬ್ರೇಕ್ ಇನ್ನೂ ಕೀಚಲು ಕೂಗುತ್ತಿದೆ. ಅದು ಮುಂದಿನ ಭಾನುವಾರಕ್ಕೆ.