ಗಟ್ಟಿ ಅಳತೆ, ಹಿಗ್ಗುವ ಅಳತೆ, ಅಮ್ಮನ ಫೋನು

ಅಮ್ಮನ ಅಡುಗೆಗಳಿಗೆ ಅಂತ ಒಂದು ವೆಬ್ ಪುಟ ಮಾಡಿದ್ದೆ. ಎಡಗಡೆ ಅಡುಗೆಗಳ ಪಟ್ಟಿ, ಬಲಗಡೆ ಮಾಡುವ ವಿಧಾನ. ಪುಟದ ರೂಪ ಹೇಳುವ ಸಿಎಸ್‌ಎಸ್ ಭಾಷೆಯಲ್ಲಿ, ಪುಟವನ್ನು ಕಾಲಮ್ಮು, ಅಡ್ಡಸಾಲುಗಳಾಗಿ ಹಂಚುವ ಗ್ರಿಡ್ ಬಳಸಿದರೆ ಇದಕ್ಕೆ ಒಂದೇ ಸಾಲು ಸಾಕು: ಪಟ್ಟಿಗೆ 240 ಪಿಕ್ಸೆಲ್, ವಿಧಾನಕ್ಕೆ 1ಎಫ್‌ಆರ್, ಅಂದರೆ ಉಳಿದ ಜಾಗವೆಲ್ಲ.

ಪಟ್ಟಿಗೂ ಶೇಕಡಾ ಲೆಕ್ಕ ಯಾಕೆ ಬೇಡ ಅಂದರೆ, "ಹಾಗಲಕಾಯಿ ಗೊಜ್ಜು" ಅನ್ನೋ ಹೆಸರಿಗೆ ಯಾವ ಪರದೆಯಲ್ಲಾದರೂ ಅಷ್ಟೇ ಜಾಗ ಬೇಕು. 25% ಕೊಟ್ಟರೆ 1920 ಪಿಕ್ಸೆಲ್ ಅಗಲದ ಪರದೆಯಲ್ಲಿ 480 ಪಿಕ್ಸೆಲ್, ಅದರಲ್ಲಿ ಅರ್ಧ ಸುಮ್ನೆ ಖಾಲಿ, 360 ಪಿಕ್ಸೆಲ್ ಅಗಲದ ಫೋನಿನಲ್ಲಿ ಬರೀ 90. ಗ್ರಿಡ್ ಬರುವ ಮೊದಲು, ಫ್ಲೋಟ್ ಅನ್ನೋ ಹಳೇ ವಿಧಾನದಲ್ಲಿ ಕಾಲಮ್ಮುಗಳನ್ನು ಪಕ್ಕಪಕ್ಕ ಕೂರಿಸುತ್ತಿದ್ದ ಕಾಲದಲ್ಲಿ ಇನ್ನೂ ಕಷ್ಟವಿತ್ತು. 25%, 75% ಅಂತ ಕೊಟ್ಟು ಎರಡಕ್ಕೂ ನಾಲ್ಕು ಕಡೆ 20 ಪಿಕ್ಸೆಲ್ ಪ್ಯಾಡಿಂಗ್ (ಒಳಗಿನ ಖಾಲಿ ಅಂಚು) ಹಾಕಿದರೆ ಅಗಲ ಒಟ್ಟು 80 ಪಿಕ್ಸೆಲ್ ಜಾಸ್ತಿಯಾಗಿ ಎರಡನೇ ಕಾಲಮ್ಮು ಕೆಳಗೆ ಬೀಳುತ್ತಿತ್ತು. ಪ್ಯಾಡಿಂಗನ್ನೂ ಅಗಲದ ಒಳಗೇ ಲೆಕ್ಕ ಹಿಡಿಯುವ ಬಾರ್ಡರ್-ಬಾಕ್ಸ್ ಬಂದು ಆ ತಲೆನೋವು ಹೋಯಿತು. ಆಮೇಲೆ 2017ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್, ಕ್ರೋಮ್, ಸಫಾರಿ ಮೂರಕ್ಕೂ ಗ್ರಿಡ್ ಬಂತು. ನನಗೆ ಅದು ನಿಜಕ್ಕೂ ಹಬ್ಬ.

ಆದರೆ ಅಮ್ಮ ಫೋನಿನಲ್ಲಿ ತೆರೆದು, "ಇದನ್ನ ಪಕ್ಕಕ್ಕೆ ಎಳೆದು ಎಳೆದು ಓದಬೇಕಲ್ಲೋ" ಅಂದರು.

360ರಲ್ಲಿ 240 ಹೋದರೆ ಉಳಿಯೋದು 120. ಅಷ್ಟರಲ್ಲೇ ಕೂತಿದ್ದರೆ ಓದೋದು ಕಷ್ಟವಾದರೂ ಪುಟ ಪರದೆ ದಾಟಬಾರದು, ಅಲ್ವಾ? ದಾಟಿತ್ತು. ಹುಡುಕಿದಾಗ ಸಿಕ್ಕಿದ್ದು ಒಂದೇ ಒಂದು ಪದ: "ಹುರಿದುಕೊಳ್ಳಬೇಕಾಗುತ್ತದೆ". 18 ಪಿಕ್ಸೆಲ್ ಅಕ್ಷರದಲ್ಲಿ ಅದು ಹತ್ತಿರ ಹತ್ತಿರ 200 ಪಿಕ್ಸೆಲ್ ಉದ್ದ. 1ಎಫ್‌ಆರ್ ಎಷ್ಟು ಬೇಕಾದರೂ ಕುಗ್ಗುತ್ತದೆ ಅಂದುಕೊಂಡಿದ್ದೆ, ಹಾಗಲ್ಲ, ಅದರ ಕನಿಷ್ಠ ಅಳತೆ ಆಟೋ, ಅಂದರೆ ಒಳಗಿರುವ ಅತಿ ಉದ್ದದ ಪದಕ್ಕಿಂತ ಕಿರಿದಾಗಲು ಅದು ಒಪ್ಪೋದಿಲ್ಲ. ಇಂಗ್ಲಿಷ್ ಪುಟಗಳಲ್ಲಿ ಇದು ಉದ್ದದ ಲಿಂಕ್ ಬಂದಾಗಷ್ಟೇ ಕಾಣಿಸಬಹುದು. ನಮ್ಮಲ್ಲಿ ಕ್ರಿಯಾಪದಕ್ಕೆ ಬಾಲ ಸೇರುತ್ತಾ ಹೋಗುವುದರಿಂದ ದಿನವೂ ಕಾಣುತ್ತದೆ.

ಮಿನ್‌ಮ್ಯಾಕ್ಸ್(0, 1ಎಫ್‌ಆರ್), ಅಂದರೆ ಕನಿಷ್ಠ ಸೊನ್ನೆ, ಗರಿಷ್ಠ 1ಎಫ್‌ಆರ್ ಅಂತ ಬರೆದರೆ ಕಾಲಮ್ಮು ಕುಗ್ಗುತ್ತದೆ, ಆದರೆ ಪದ ಅದರಿಂದ ಆಚೆ ಚಾಚಿಕೊಳ್ಳುತ್ತದೆ. ಹಾಗಾಗಿ ಓವರ್‌ಫ್ಲೋ-ರಾಪ್ ಅನ್ನು ಬ್ರೇಕ್-ವರ್ಡ್ ಅಂತಲೂ ಕೊಟ್ಟೆ, ಅಂದರೆ ಹಿಡಿಸದ ಪದವನ್ನು ಮುರಿದು ಮುಂದಿನ ಸಾಲಿಗೆ ಹಾಕು ಅಂತ. ಸಿಎಸ್‌ಎಸ್‌ನ ಇನ್ನೊಂದು ಜೋಡಣೆ ವಿಧಾನವಾದ ಫ್ಲೆಕ್ಸ್‌ಬಾಕ್ಸ್ ಬಳಸುವವರಿಗೂ ಇದೇ ಕಾಟ ಇದೆ, ಅಲ್ಲಿ ಮಿನ್-ವಿಡ್ತ್ (ಕನಿಷ್ಠ ಅಗಲ) ಸೊನ್ನೆ ಮಾಡಬೇಕು.

ಪದ ಮುರಿದು ಓದಿಸುವುದು ನನಗೆ ಇಷ್ಟವಿಲ್ಲ. ಅದಕ್ಕೇ 600 ಪಿಕ್ಸೆಲ್‌ಗಿಂತ ಕಿರಿದಾದ ಪರದೆಗೆ ಒಂದೇ ಕಾಲಮ್ಮು ಮಾಡಿ ಪಟ್ಟಿಯನ್ನು ಮೇಲಿಟ್ಟೆ. ದೊಡ್ಡ ಪರದೆಗೆ 240 ಪಿಕ್ಸೆಲ್ ಬದಲು 15 ರೆಮ್ ಅಂತ ಬರೆದೆ; ರೆಮ್ ಅಂದರೆ ಪುಟದ ಮೂಲ ಅಕ್ಷರದ ಅಳತೆ. ಬ್ರೌಸರಿನ ಮಾಮೂಲಿ 16 ಪಿಕ್ಸೆಲ್ ಅಕ್ಷರಕ್ಕೆ ಅದೂ 240 ಪಿಕ್ಸೆಲ್ಲೇ, ಆದರೆ ಅಮ್ಮ ಟ್ಯಾಬಿನ ಬ್ರೌಸರಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡರೆ ಪಟ್ಟಿಯೂ ಜೊತೆಗೇ ಅಗಲವಾಗುತ್ತದೆ, "ಹಾಗಲಕಾಯಿ ಗೊಜ್ಜು" ಒಂದೇ ಸಾಲಿನಲ್ಲಿ ಉಳಿಯುತ್ತದೆ.