ಎದುರಿನ ಅಂಗಡಿ, ನನ್ನ ಚಿಕೋರಿ ಲೆಕ್ಕ

ಮೈಸೂರಿನ ಕುವೆಂಪುನಗರದಲ್ಲಿ ನನ್ನದೊಂದು ಪುಟ್ಟ ಕಾಫಿ ಪುಡಿ ಅಂಗಡಿ. ಹುರಿದ ಬೀಜವನ್ನು ಗಿರಾಕಿ ಎದುರಲ್ಲೇ ಪುಡಿ ಮಾಡಿ ಕೊಡುತ್ತೇನೆ. ಹೋದ ವರ್ಷ ಎದುರು ಸಾಲಿನಲ್ಲೇ ಇನ್ನೊಂದು ಪುಡಿ ಅಂಗಡಿ ಶುರುವಾಯಿತು. ಥಳಥಳ ಬೋರ್ಡು, ಕಿಲೋಗೆ ನನಗಿಂತ 80 ರೂಪಾಯಿ ಕಮ್ಮಿ.

ಮೊದಲ ವಾರ ನಾನು ವ್ಯಾಪಾರ ಮಾಡಿದ್ದಕ್ಕಿಂತ ಅವರ ಬಾಗಿಲು ಕಾದಿದ್ದೇ ಜಾಸ್ತಿ. ನಮ್ಮ ಮಾಮೂಲಿ ಮೇಷ್ಟ್ರೊಬ್ಬರು ಅಲ್ಲಿಂದ ಚೀಲ ಹಿಡಿದು ಬಂದವರು, ನನ್ನನ್ನು ನೋಡಿ ಬೇರೆ ಕಡೆ ಮುಖ ತಿರುಗಿಸಿದರು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಬೆಲೆ ಇಳಿಸೋಣ ಅಂದರೆ 2024ರಿಂದ ರೊಬಸ್ಟಾ ಬೀಜದ ಬೆಲೆ ಆಕಾಶಕ್ಕೆ ಏರಿತ್ತು. ಸರಿ, ನೂರಕ್ಕೆ 80 ಕಾಫಿ, 20 ಚಿಕೋರಿ ಇದ್ದ ಪುಡಿಯನ್ನು 65-35 ಮಾಡಿ ಬೆಲೆ ಇಳಿಸಿದೆ. ಕಾನೂನಿನ ತಕರಾರಿಲ್ಲ. ನೂರಕ್ಕೆ ಕನಿಷ್ಠ 51 ಭಾಗ ಕಾಫಿ ಇರಬೇಕು, ಪ್ರಮಾಣ ಪ್ಯಾಕೆಟ್ ಮೇಲೆ ಬರೆದಿರಬೇಕು. ನಾನೂ ಬರೆದೆ, ಕಂಡೂ ಕಾಣದ ಹಾಗೆ. ಚಿಕೋರಿ ಅಂದರೆ ಹುರಿದ ಬೇರು, ಅಷ್ಟೇ. ಡಿಕಾಕ್ಷನ್ ಕಪ್ಪಗೆ, ಮಂದವಾಗಿ ಬರುತ್ತದೆ. ಘಮ ಎಲ್ಲಿಂದ ಬರಬೇಕು?

ಹತ್ತೇ ದಿನ. ಹಳೇ ಗಿರಾಕಿ ಅಜ್ಜಿಯೊಬ್ಬರು ಅರ್ಧ ಖಾಲಿಯಾದ ಪ್ಯಾಕೆಟ್ ತಂದು ಗಲ್ಲಾ ಮೇಲೆ ಕುಕ್ಕಿದರು. "ಬಣ್ಣ ಚೆನ್ನಾಗಿದೆ ಕಣಪ್ಪ, ಕಾಫಿ ಎಲ್ಲಿ?"

ಅವತ್ತೇ ಹಳೇ ಅಳತೆಗೆ ವಾಪಸ್ ಬಂದೆ, ಹಳೇ ಬೆಲೆಗೂ. ಅಗ್ಗ ಬೇಕಾದ ಕೆಲವರು ಹೋದರು. ಹೋಗಲಿ, ಅವರನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ನನಗಿಲ್ಲ.

ಆದರೆ ಮೇಷ್ಟ್ರ ವಿಷಯ ಕೊರೆಯುತ್ತಲೇ ಇತ್ತು. ಒಂದು ಸಂಜೆ ತರಕಾರಿ ಗಾಡಿ ಹತ್ತಿರ ಸಿಕ್ಕಿದರು. ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ. "ಬೆಲೆಗಲ್ಲ ಮಾರಾಯ್ರೇ," ಅಂದರು. "ನಿಮ್ಮ ಪುಡಿ ಫಿಲ್ಟರ್‌ನಲ್ಲಿ ಇಳಿಯೋದೇ ಇಲ್ಲ. ಬೆಳಿಗ್ಗೆ ತಟ್ಟಿ ತಟ್ಟಿ ಕೈ ನೋವು ಬರುತ್ತೆ. ನಿಮಗೆ ಹೇಳಿದರೆ ಬೇಜಾರಾಗ್ತೀರಿ ಅಂತ ಸುಮ್ನಿದ್ದೆ."

ಅಂಗಡಿಗೆ ಬಂದು ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದೆ. ಮೈದಾ ಹಿಟ್ಟಿನ ಹಾಗಿತ್ತು! ಅಷ್ಟು ನುಣ್ಣಗಾದರೆ ಫಿಲ್ಟರ್ ತೂತು ಕಟ್ಟಿಕೊಳ್ಳದೆ ಇನ್ನೇನು? ಮೆಷಿನ್ ಅಳತೆ ಯಾವಾಗ ಜರುಗಿತ್ತೋ, ನಾನಂತೂ ಗಮನಿಸಿರಲಿಲ್ಲ. ಎದುರಿನವರ ಬೋರ್ಡು ಮಾತ್ರ ದಿನಾ ಓದುತ್ತಿದ್ದೆ.

ಈಗ ಗಲ್ಲಾ ಪಕ್ಕ ಒಂದು ನೋಟ್‌ಬುಕ್ ಇದೆ. ಯಾರಿಗೆ ಪೀಬೆರಿ ಅನ್ನೋ ದುಂಡು ಬೀಜದ ಪುಡಿ ಬೇಕು, ಯಾರಿಗೆ ಚಿಕೋರಿ ಬೇಡ, ಎಲ್ಲ ಅದರಲ್ಲಿದೆ. ಮೇಷ್ಟ್ರ ಹೆಸರಿನ ಮುಂದೆ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ: ಸ್ವಲ್ಪ ತರಿ, ಕಾಲು ಕಿಲೋ.